ಹಾಜಿರಾ ಬೀವಿಯ ಓಟ

ಮಗನಿಗೆ ಎರಡು ವರ್ಷ ತುಂಬುವ ಮೊದಲು ಒಂದು ರಾತ್ರಿ ಜ್ವರ ಏರಿ ಸೆಳೆತ ಬಂತು. ಕಣ್ಣು ಮೇಲಾಯಿತು, ಕೈಕಾಲು ಸೆಟೆದುಕೊಂಡವು, ತುಟಿ ನೀಲಿಗಟ್ಟಿತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಅವನು ಅತ್ತು, ನೀರು ಕೇಳಿ, ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಜ್ವರದ ಜೊತೆ ಹೀಗಾಗುವುದುಂಟು, ಬಹುತೇಕ ಮಕ್ಕಳಿಗೆ ಇದರಿಂದ ಮುಂದೆ ಯಾವ ತೊಂದರೆಯೂ ಉಳಿಯುವುದಿಲ್ಲ ಎಂದು ಮಕ್ಕಳ ವೈದ್ಯರು ನಿಧಾನವಾಗಿ ವಿವರಿಸಿದರು. ಅವನ ಪಾಲಿಗೆ ಅದು ಅಂದೇ ಮುಗಿಯಿತು. ನನ್ನ ಪಾಲಿಗೆ ಅಂದು ಶುರುವಾಯಿತು.

ಆಮೇಲೆ ದಿನವೂ ರಾತ್ರಿ ಮೂರೂವರೆಯ ಹೊತ್ತಿಗೆ ಎಚ್ಚರವಾಗುತ್ತಿತ್ತು. ಕತ್ತಲಲ್ಲಿ ತಡಕಾಡಿ ಅವನ ಎದೆಯ ಮೇಲೆ ಅಂಗೈ ಇಡುತ್ತಿದ್ದೆ. ಉಸಿರು ಏರಿಳಿಯುತ್ತಿದೆಯೆಂದು ಗೊತ್ತಾದ ಮೇಲೂ ಕೈ ತೆಗೆಯಲು ಧೈರ್ಯ ಸಾಲುತ್ತಿರಲಿಲ್ಲ. ತೆಗೆದು ಮಲಗಿದರೆ ಐದು ನಿಮಿಷಕ್ಕೆ ಮತ್ತೆ ಏಳುವುದು, ಹಣೆ ಮುಟ್ಟುವುದು, ಕತ್ತು ಮುಟ್ಟುವುದು, ಥರ್ಮಾಮೀಟರ್ ಹುಡುಕುವುದು. ಹಗಲು ಸುಮ್ಮನೆ ಕುಳಿತಾಗಲೂ ಎದೆ ಡವಗುಟ್ಟುತ್ತಿತ್ತು. ನಮಾಝಿಗೆ ನಿಂತರೆ ಎಷ್ಟು ರಕಅತ್ (ನಮಾಝಿನ ಆವರ್ತನ) ಆಯಿತೆಂಬುದೇ ಮರೆತುಹೋಗುತ್ತಿತ್ತು. ಹಣೆ ಸುಜೂದಿನಲ್ಲಿ ನೆಲಕ್ಕೆ ತಾಗಿದ್ದರೂ ಕಿವಿ ಪಕ್ಕದ ಕೋಣೆಯಲ್ಲಿರುತ್ತಿತ್ತು. ಗಂಡ ಕೊಲ್ಲಿಯಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ನಾನು, ಉಮ್ಮ (ನನ್ನ ತಾಯಿ) ಮತ್ತು ಮಗು.

ನೆಂಟರೊಬ್ಬರು ನೋಡಲು ಬಂದವರು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಹೇಳಿದರು: “ಈಮಾನ್, ಅಲ್ಲಾಹನ ಮೇಲಿನ ನಂಬಿಕೆ, ಗಟ್ಟಿಯಿದ್ದರೆ ಇದೆಲ್ಲ ಬರುವುದಿಲ್ಲ. ಅಲಾ ಬಿದಿಕ್ರಿಲ್ಲಾಹಿ ತತ್‌ಮಇನ್ನುಲ್ ಕುಲೂಬ್ ಎಂದು ಓದಿಲ್ಲವೇ?” ಓದಿದ್ದೆ. ಕುರ್‌ಆನಿನ 13ನೆಯ ಅಧ್ಯಾಯದ 28ನೆಯ ಸೂಕ್ತ ಅದು. ಅಲ್ಲಾಹನ ಸ್ಮರಣೆಯಿಂದ ಹೃದಯಗಳು ನೆಮ್ಮದಿ ಪಡೆಯುತ್ತವೆ ಎಂದು ಅದರ ಅರ್ಥ. ಮದ್ರಸದ ದಿನಗಳಿಂದ ಬಾಯಿಗೆ ಬರುವ ಆ ಮಾತು ಅಂದು ಎದೆಯ ಮೇಲೆ ಕಲ್ಲಿಟ್ಟಂತೆ ಭಾರವಾಯಿತು. ಸ್ಮರಿಸುತ್ತಿದ್ದೇನೆ, ನೆಮ್ಮದಿಯಿಲ್ಲ, ಹಾಗಾದರೆ ನನ್ನ ಸ್ಮರಣೆಯೇ ಸುಳ್ಳೇ? ಮಗನ ಭಯದ ಮೇಲೆ ಈಗ ಈಮಾನಿನ ಭಯವೂ ಸೇರಿಕೊಂಡಿತು. ಗಾಬರಿಗೊಂಡವರ ಮುಂದೆ ದೇವರ ಮಾತನ್ನು ಬೈಗುಳದಂತೆ ಬಳಸಬಾರದು. ಇದನ್ನು ನಾನು ನೊಂದು ಕಲಿತಿದ್ದೇನೆ.

ಉಮ್ಮ ಅಲ್ಲೇ ಕುಳಿತಿದ್ದರು, ಏನೂ ಹೇಳಲಿಲ್ಲ. ರಾತ್ರಿ ಇಶಾ ನಮಾಝ್ ಮುಗಿಸಿ ಮುಸಲ್ಲಾ ಚಾಪೆ ಮಡಿಸುತ್ತ ಕೇಳಿದರು: “ಹಾಜಿರಾ ಬೀವಿಯ ಈಮಾನ್ ಕಡಿಮೆಯಿತ್ತೇ ಮಗಳೇ?”

ಪ್ರವಾದಿ ಇಬ್ರಾಹೀಮರ ಮಡದಿ ಹಾಜಿರಾ ಬೀವಿಯ ಆ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮ ಮನೆಗಳಲ್ಲಿ ಕೇಳದ ಮಕ್ಕಳಿಲ್ಲ. ಆದರೆ ಅಂದು ಉಮ್ಮ ಕೇಳಿದ ಮೇಲೆಯೇ ಅದನ್ನು ಒಬ್ಬ ತಾಯಿಯಾಗಿ ಮತ್ತೆ ಓದಿದೆ. ಕುರ್‌ಆನಿನ 14ನೆಯ ಅಧ್ಯಾಯದಲ್ಲಿ ಇಬ್ರಾಹೀಮ್ ನೆಬಿ (ಅ) ಪ್ರಾರ್ಥಿಸುವುದಿದೆ: ನಮ್ಮ ಪ್ರಭುವೇ, ಬೆಳೆಯಿಲ್ಲದ ಕಣಿವೆಯಲ್ಲಿ, ನಿನ್ನ ಪವಿತ್ರ ಭವನದ ಬಳಿ ನನ್ನ ಸಂತತಿಯನ್ನು ನೆಲೆಗೊಳಿಸಿದ್ದೇನೆ. ಉಳಿದ ವಿವರ ಪ್ರವಾದಿ ಮುಹಮ್ಮದರ ಸಂಗಾತಿ ಇಬ್ನು ಅಬ್ಬಾಸರು ವರದಿ ಮಾಡಿದ, ಬುಖಾರಿ ಎಂಬ ಸಂಗ್ರಹದಲ್ಲಿರುವ ದೀರ್ಘ ಹದೀಸಿನಲ್ಲಿದೆ (ಹದೀಸ್ ಎಂದರೆ ಪ್ರವಾದಿಯವರ ನುಡಿ, ನಡೆಗಳ ವರದಿ). ಎದೆಹಾಲು ಕುಡಿಯುವ ಮಗು ಇಸ್ಮಾಯೀಲ್, ಒಂದು ಚೀಲ ಖರ್ಜೂರ, ಒಂದು ತೊಗಲಿನ ಚೀಲದಲ್ಲಿ ನೀರು. ಇಷ್ಟನ್ನು ಕೊಟ್ಟು ಇಬ್ರಾಹೀಮರು ಹಿಂದಿರುಗಿ ಹೊರಟರು. ಜನರಿಲ್ಲದ, ಏನೂ ಇಲ್ಲದ ಈ ಕಣಿವೆಯಲ್ಲಿ ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗುತ್ತೀರಿ ಎಂದು ಹಾಜಿರಾ ಹಿಂದೆಯೇ ಹೋಗಿ ಮತ್ತೆ ಮತ್ತೆ ಕೇಳಿದರು. ಅವರು ತಿರುಗಿ ನೋಡಲಿಲ್ಲ. ಕೊನೆಗೆ ಹಾಜಿರಾ ಕೇಳಿದರು, ಇದು ಅಲ್ಲಾಹನ ಆಜ್ಞೆಯೇ? ಹೌದು ಎಂದರು. ಹಾಗಾದರೆ ಅವನು ನಮ್ಮನ್ನು ಕೈಬಿಡುವುದಿಲ್ಲ ಎಂದು ಹೇಳಿ ಆ ತಾಯಿ ಮಗುವಿನ ಬಳಿಗೆ ಮರಳಿದರು.

ಇದಕ್ಕಿಂತ ಗಟ್ಟಿಯಾದ ಈಮಾನ್ ಎಲ್ಲಿ ಹುಡುಕಬೇಕು? ಆದರೆ ನೀರು ಮುಗಿಯಿತು. ತಾಯಿಗೆ ಬಾಯಾರಿತು, ಮಗುವಿಗೂ ಬಾಯಾರಿತು. ಮಗು ನೆಲದ ಮೇಲೆ ಹೊರಳಾಡತೊಡಗಿತು. ಅದನ್ನು ನೋಡಲಾರದೆ ಅವರು ಎದ್ದುಹೋದರು ಎನ್ನುತ್ತದೆ ಹದೀಸ್. ನೋಡಲಾರದೆ. ಈ ಒಂದು ಪದದ ಮುಂದೆ ನಾನು ಎಷ್ಟು ಹೊತ್ತು ಕುಳಿತಿದ್ದೆನೋ. ಹತ್ತಿರದ ಗುಡ್ಡ ಸಫಾ. ಹತ್ತಿ ನಿಂತು ಯಾರಾದರೂ ಕಾಣುತ್ತಾರೆಯೇ ಎಂದು ನೋಡಿದರು. ಯಾರೂ ಇಲ್ಲ. ಇಳಿದು, ಉಡುಗೆಯ ಅಂಚನ್ನು ಎತ್ತಿ ಹಿಡಿದು, ಸಂಕಟಕ್ಕೆ ಸಿಕ್ಕವರು ಓಡುವಂತೆ ಕಣಿವೆಯ ತಗ್ಗನ್ನು ಓಡಿ ದಾಟಿ ಮರ್ವಾ ಹತ್ತಿದರು. ಅಲ್ಲಿಯೂ ಯಾರೂ ಇಲ್ಲ. ಹೀಗೆ ಏಳು ಸಲ.

ಅವನು ನಮ್ಮನ್ನು ಕೈಬಿಡುವುದಿಲ್ಲ ಎಂದ ಬಾಯಿ, ಗುಡ್ಡದಿಂದ ಗುಡ್ಡಕ್ಕೆ ಓಡಿದ ಕಾಲು, ಎರಡೂ ಒಬ್ಬಳೇ ಹೆಣ್ಣಿನವು. ಓಡಿದ್ದಕ್ಕೆ ಅವರ ಈಮಾನನ್ನು ಯಾರೂ ಅಳೆಯಲಿಲ್ಲ. ಸಫಾ ಮತ್ತು ಮರ್ವಾ ಅಲ್ಲಾಹನ ಕುರುಹುಗಳಲ್ಲಿ ಸೇರಿವೆ ಎಂದು ಎರಡನೆಯ ಅಧ್ಯಾಯದ 158ನೆಯ ಸೂಕ್ತ ಹೇಳಿತು. ಹಜ್ಜಿಗೆ, ಮಕ್ಕಾದ ಕಿರುಯಾತ್ರೆಯಾದ ಉಮ್ರಾಕ್ಕೆ ಹೋದವರೆಲ್ಲ, ಅರಸರೂ ಕೂಲಿಯವರೂ, ಆ ತಾಯಿಯ ಕಳವಳದ ಹೆಜ್ಜೆಗಳ ಮೇಲೆ ಏಳು ಸಲ ನಡೆಯಬೇಕು. ಅದು ಆರಾಧನೆ. ನನ್ನ ಭಯವನ್ನು ಮುಚ್ಚಿಡಬೇಕಾದ ಪಾಪ ಎಂದುಕೊಂಡಿದ್ದ ನನಗೆ ಇದು ಹೊಳೆದ ರಾತ್ರಿ, ಎಷ್ಟೋ ತಿಂಗಳ ನಂತರ ಮನಸಾರೆ ಅತ್ತೆ.

ಆಮೇಲೆ ಕುರ್‌ಆನನ್ನು ಓದುವಾಗಲೆಲ್ಲ ಕಣ್ಣು ಇಂತಹವರನ್ನೇ ಹುಡುಕತೊಡಗಿತು. 28ನೆಯ ಅಧ್ಯಾಯದಲ್ಲಿ, ಗಂಡುಕೂಸುಗಳನ್ನು ಕೊಲ್ಲಿಸುತ್ತಿದ್ದ ಫಿರ್ಔನ್ ದೊರೆಯ ಕಾಲದಲ್ಲಿ, ಮೂಸಾ ನೆಬಿಯ (ಅ) ತಾಯಿಗೆ ಬಂದ ದೇವಸಂದೇಶ ನೋಡಿ: ಮಗುವಿಗೆ ಹಾಲೂಡಿಸು, ಅವನ ಬಗ್ಗೆ ಭಯವಾದಾಗ ನದಿಗೆ ಹಾಕು, ಹೆದರಬೇಡ, ದುಃಖಿಸಬೇಡ. ಭಯವಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಆಗ ಕೈಗಳು ಮಾಡಬೇಕಾದ ಕೆಲಸವನ್ನೂ ಹೇಳಿದ ಮೇಲೆ ಹೆದರಬೇಡ ಎಂಬ ಮಾತು ಬರುತ್ತದೆ. ಆಕೆ ಹೇಳಿದಂತೆ ಮಾಡಿದಳು. ಆದರೂ ಮೂಸಾರ ತಾಯಿಯ ಹೃದಯ ಬರಿದಾಯಿತು ಎನ್ನುತ್ತದೆ ಮುಂದಿನ ಮಾತು. ನಾವು ಆ ಹೃದಯವನ್ನು ಬಿಗಿದು ಕಟ್ಟದಿದ್ದರೆ ಆಕೆ ಮಗುವಿನ ಗುಟ್ಟನ್ನು ಹೊರಗೆಡಹಿಬಿಡುತ್ತಿದ್ದಳು ಎನ್ನುತ್ತಾನೆ ಅಲ್ಲಾಹು. ಸಂದೇಶ ಪಡೆದ ತಾಯಿಗೂ ಹೃದಯ ಬರಿದಾಗುತ್ತದೆ. ಅದನ್ನು ಕಟ್ಟಿ ಹಿಡಿಯುವವನು ಬೇರೆ. ಆ ಕೆಲಸ ನನ್ನದಲ್ಲ ಎಂದು ತಿಳಿದದ್ದೇ ನನಗೆ ದೊಡ್ಡ ಬಿಡುಗಡೆಯಾಯಿತು. ಯೇಸುವಿನ ತಾಯಿ ಮರಿಯಮ್ ಬೀವಿಯೂ (ಅ) ಹಾಗೆಯೇ. ಹೆರಿಗೆಯ ನೋವಿನಲ್ಲಿ, ಒಂಟಿಯಾಗಿ, ಇದಕ್ಕಿಂತ ಮೊದಲೇ ನಾನು ಸತ್ತಿದ್ದರೆ ಎಂದು ಕೂಗಿಕೊಂಡವರಿಗೆ ಉಪದೇಶ ಸಿಗಲಿಲ್ಲ. ಕಾಲ ಬಳಿ ನೀರಿನ ತೊರೆ ಇದೆ, ಖರ್ಜೂರದ ಮರವನ್ನು ಅಲುಗಿಸು, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂಬ ಮಾತು ಕೇಳಿಸಿತು.

ಪ್ರವಾದಿ ಮುಹಮ್ಮದರು (ಸ) ಆಗಾಗ ಮಾಡುತ್ತಿದ್ದ ಒಂದು ದುಆವನ್ನು, ಅಂದರೆ ಪ್ರಾರ್ಥನೆಯನ್ನು, ಅವರ ಸೇವೆಯಲ್ಲಿದ್ದ ಅನಸ್‌ರು ನೆನಪಿಟ್ಟು ಹೇಳಿದ್ದಾರೆ. ಅದರಲ್ಲಿ ಎಂಟು ಸಂಗತಿಗಳಿಂದ ಅಲ್ಲಾಹನ ಆಶ್ರಯ ಬೇಡಲಾಗಿದೆ. ಅಶಕ್ತತೆ, ಸೋಮಾರಿತನ, ಜಿಪುಣತನ, ಹೇಡಿತನ, ಸಾಲದ ಹೊರೆ, ಜನರ ದಬ್ಬಾಳಿಕೆ ಇವೆಲ್ಲ ಆಮೇಲೆ. ಮೊದಲನೆಯದು ಹಮ್ಮ್, ಎರಡನೆಯದು ಹಝನ್. ಹಮ್ಮ್ ಎಂದರೆ ಬರಲಿರುವುದರ ಚಿಂತೆ, ಹಝನ್ ಎಂದರೆ ಆಗಿಹೋದುದರ ದುಃಖ ಎಂದು ವಿದ್ವಾಂಸರು ಬಿಡಿಸಿ ಹೇಳುತ್ತಾರೆ. ನನ್ನನ್ನು ರಾತ್ರಿ ಎಬ್ಬಿಸುವುದಕ್ಕೆ ಒಂದು ಹೆಸರಿದೆ, ಆ ಹೆಸರು ಪ್ರವಾದಿಯವರ ತುಟಿಯ ಮೇಲೆ ಎಲ್ಲಕ್ಕಿಂತ ಮೊದಲು ಬರುತ್ತಿತ್ತು! ಸಂಜೆ ಮಗ್ರಿಬ್ ನಮಾಝ್ ಆದ ಮೇಲೆ ಅದನ್ನು ಹೇಳುವುದು ರೂಢಿಯಾಯಿತು.

ವೈದ್ಯರ ಬಳಿಗೂ ಹೋದೆ. ಅಲ್ಲಾಹನ ದಾಸರೇ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರೇ ಹೇಳಿರುವಾಗ ಸಂಕೋಚವೇಕೆ ಎಂದು ಕೈಹಿಡಿದು ಕರೆದುಕೊಂಡು ಹೋದವರು ಉಮ್ಮ. ಮನೋವೈದ್ಯರು ಒಂದು ವರ್ಷ ಮಾತ್ರೆ ಕೊಟ್ಟರು, ಮಾತನಾಡಿಸಿದರು, ರಾತ್ರಿ ಎದ್ದಾಗ ಒಂದೇ ಸಲ ಮುಟ್ಟಿ ನೋಡಿ ಮಲಗುವ ಅಭ್ಯಾಸ ಮಾಡಿಸಿದರು. ಮನೆಯಲ್ಲಿ ಉಮ್ಮ ಬಾರ್ಲಿಯ ಹಿಟ್ಟಿಗೆ ಹಾಲು, ಜೇನು ಸೇರಿಸಿ ಗಂಜಿ ಕಾಯಿಸಿ ಕೊಡುತ್ತಿದ್ದರು. ತಲ್‌ಬೀನ ಅದು. ಕಾಯಿಲೆಯವರಿಗೂ ಸಾವಿನ ಮನೆಯವರಿಗೂ ಪ್ರವಾದಿಯವರ ಮಡದಿ ಆಯಿಷಾ ಬೀವಿ (ರ) ಇದನ್ನೇ ಮಾಡಿಸುತ್ತಿದ್ದರು. ರೋಗಿಯ ಹೃದಯಕ್ಕೆ ಇದು ಆರಾಮ ಕೊಡುತ್ತದೆ, ದುಃಖವನ್ನು ಸ್ವಲ್ಪ ಕಳೆಯುತ್ತದೆ ಎಂದು ಪ್ರವಾದಿಯವರಿಂದ ಕೇಳಿದ್ದೇನೆ ಎನ್ನುತ್ತಿದ್ದರು. ಸ್ವಲ್ಪ ಎಂಬ ಆ ಪ್ರಾಮಾಣಿಕ ಮಾತು ನನಗೆ ಬಹಳ ಪ್ರಿಯ.

ಮಗನಿಗೆ ಐದಾದ ವರ್ಷ ಅಣ್ಣ ಉಮ್ಮನನ್ನೂ ನನ್ನನ್ನೂ ಉಮ್ರಾಕ್ಕೆ ಕರೆದುಕೊಂಡು ಹೋದ. ಮಗನನ್ನು ಅತ್ತೆಯ ಬಳಿ ಬಿಟ್ಟಿದ್ದೆ. ಅವನನ್ನು ಬಿಟ್ಟು ನಾನು ಮಲಗಿದ ಮೊದಲ ರಾತ್ರಿಗಳು ಅವು. ಮಕ್ಕಾ ತಲುಪಿ, ಪವಿತ್ರ ಭವನ ಕಅಬಾಕ್ಕೆ ಸುತ್ತು ಬರುವ ತವಾಫ್ ಮುಗಿಸಿ, ಎರಡು ರಕಅತ್ ನಮಾಝ್ ಮಾಡಿ, ಝಮ್‌ಝಮ್ ಬಾವಿಯ ನೀರು ಕುಡಿದು ಸಫಾದ ಕಡೆಗೆ ನಡೆಯುವಾಗ ನಡುರಾತ್ರಿ ಒಂದು ಗಂಟೆ. ಎಣಿಸಿದೆ, ನಮ್ಮೂರಿನಲ್ಲಿ ಮೂರೂವರೆ.

ಗುಡ್ಡ ಈಗ ಗುಡ್ಡವಾಗಿ ಕಾಣುವುದಿಲ್ಲ. ಉಳಿದ ಬಂಡೆಯ ಸುತ್ತ ಅಮೃತಶಿಲೆ, ಮೇಲೆ ಸೂರು, ತಣ್ಣನೆಯ ಗಾಳಿ. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಹೋದರೆ ಒಂದು, ಬಂದರೆ ಎರಡು, ಏಳನೆಯದು ಮರ್ವಾದಲ್ಲಿ ಮುಗಿಯುತ್ತದೆ. ಒಟ್ಟು ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಸಫಾದ ಮೇಲೆ ಕಅಬಾದ ಕಡೆಗೆ ತಿರುಗಿ ಕೈಯೆತ್ತಿದಾಗ ಬಾಯಲ್ಲಿ ದುಆ ಇತ್ತು, ಕೈಚೀಲದಲ್ಲಿ ಮೊಬೈಲ್ ಇತ್ತು, ಮನಸ್ಸು ಎರಡರ ನಡುವೆ ಇತ್ತು. ಮೊದಲ ಸುತ್ತಿನಲ್ಲಿ ಎರಡು ಸಲ ತೆಗೆದು ನೋಡಿದೆ. ಕರೆ ಬಂದಿರಲಿಲ್ಲ.

ದಾರಿಯ ನಡುವೆ ಮೇಲ್ಗಡೆ ಹಸಿರು ದೀಪಗಳಿವೆ. ಹಾಜಿರಾ ಓಡಿದ ತಗ್ಗು ಅದು. ತಗ್ಗಿಗೆ ಇಳಿದಾಗ ಮಗು ಕಣ್ಣಿಗೆ ಮರೆಯಾಗುತ್ತಿತ್ತು, ಅದಕ್ಕೇ ಓಡಿದರು ಎಂದು ಹಿರಿಯರು ಹೇಳುವುದುಂಟು. ಅಲ್ಲಿ ಗಂಡಸರು ದಾಪುಗಾಲು ಹಾಕಿ ಓಡುತ್ತಾರೆ, ಹೆಂಗಸರು ನಡೆದರೆ ಸಾಕು. ಓಡಿದ್ದು ಹೆಣ್ಣಲ್ಲವೇ, ನಾವೇಕೆ ಓಡುವುದಿಲ್ಲ ಎಂದು ಉಮ್ಮನನ್ನು ಕೇಳಿದೆ. “ನಮ್ಮ ಪಾಲಿನದನ್ನೂ ಅವರೇ ಓಡಿ ಮುಗಿಸಿದ್ದಾರೆ” ಎಂದರು. ಆ ಉತ್ತರ ಯಾವ ಗ್ರಂಥದಲ್ಲಿಯೂ ಇರಲಿಕ್ಕಿಲ್ಲ. ಆದರೆ ಹಸಿರು ದೀಪಗಳ ಕೆಳಗೆ ಅದನ್ನು ಕೇಳಿಸಿಕೊಂಡು ನಾನು ನಿಧಾನವಾಗಿ, ಇನ್ನೂ ನಿಧಾನವಾಗಿ ನಡೆದೆ. ನಮ್ಮನ್ನು ದಾಟಿ ಅಣ್ಣ ಓಡಿದ. ಅವನ ಹಿಂದೆ ಯಾವ ಯಾವುದೋ ದೇಶದ ಗಂಡಸರು ಒಬ್ಬ ತಾಯಿಯ ಹಾಗೆ ಓಡುತ್ತಿದ್ದರು.

ಮಂಡಿನೋವಿನ ಉಮ್ಮ ಗಾಲಿಕುರ್ಚಿ ಬೇಡವೆಂದಿದ್ದರು. ಪ್ರತಿ ಸಲ ತಿರುಗುವಾಗ ಎಣಿಕೆ ತಪ್ಪಿ ಕೇಳುತ್ತಿದ್ದರು: “ಇದು ಎಷ್ಟನೆಯದು?” ಮೂರು ಎನ್ನುತ್ತಿದ್ದೆ. ನಾಲ್ಕು ಎನ್ನುತ್ತಿದ್ದೆ. ಅವರಿಗೆ ಉತ್ತರ ಕೊಡಲೆಂದು ಎಣಿಸುತ್ತ ಎಣಿಸುತ್ತ ಮೊಬೈಲ್ ತೆಗೆಯುವುದು ಯಾವ ಸುತ್ತಿನಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಕೊನೆಯ ಸಲ ಮರ್ವಾದ ಮೇಲೆ ನಿಂತಾಗ ಹಾಜಿರಾ ಬೀವಿಗೆ ಒಂದು ದನಿ ಕೇಳಿಸಿತಂತೆ. ಆಗ ಅವರು ಮೊದಲು ಹೇಳಿದ್ದು ತಮಗೇ: ಸುಮ್ಮನಿರು. ಎದೆಯ ಗದ್ದಲವನ್ನು ಒಂದು ಗಳಿಗೆ ಅಡಗಿಸಿ ಕಿವಿಗೊಟ್ಟರು. ದನಿ ಮತ್ತೆ ಕೇಳಿಸಿತು. ನಿನ್ನ ದನಿಯನ್ನು ನನಗೆ ಕೇಳಿಸಿದ್ದೀಯೆ, ನಿನ್ನಲ್ಲಿ ನೆರವಿದೆಯೇ ಎಂದು ಕೇಳಿದರು. ನೋಡಿದರೆ ನೀರು ಚಿಮ್ಮಿದ್ದು ಅವರು ಓಡಿದ ಎರಡು ಗುಡ್ಡಗಳ ಮೇಲೂ ಅಲ್ಲ, ಮಲಕ್ (ದೇವದೂತ) ನೆಲ ತೋಡಿದ್ದು ಬೇರೆಲ್ಲೋ, ಈಗ ಝಮ್‌ಝಮ್ ಇರುವ ಕಡೆ. ಕೈಗಳಿಂದ ಮಣ್ಣು ಒಟ್ಟಿ ಕಟ್ಟೆ ಕಟ್ಟಿದರು, ಚೀಲ ತುಂಬಿಕೊಂಡರು, ಕುಡಿದರು, ಮಗುವಿಗೆ ಹಾಲೂಡಿಸಿದರು. ನಾಶವಾಗುವೆವೆಂದು ಹೆದರಬೇಡ ಎಂದಿತು ಮಲಕ್. ಏಳನೆಯದನ್ನು ಮುಗಿಸಿ ಮರ್ವಾದಲ್ಲಿ ನಿಂತು ನಾನು ಹೇಳಿಕೊಂಡದ್ದೂ ಅದೊಂದನ್ನೇ. ಸುಮ್ಮನಿರು. ಕೇಳಿಸಿಕೋ.

ತತ್‌ಮಇನ್ನು ಎಂಬ, ಆ ನೆಂಟರು ಹೇಳಿದ ಸೂಕ್ತದ ಕ್ರಿಯಾಪದ ಅರಬಿಯಲ್ಲಿ ಮುಗಿದುಹೋದುದನ್ನು ಹೇಳುವ ರೂಪದಲ್ಲಿ ಇಲ್ಲ. ಈಗ ನಡೆಯುತ್ತಿರುವುದನ್ನು, ಮತ್ತೆ ಮತ್ತೆ ಆಗುವುದನ್ನು ಹೇಳುವ ರೂಪದಲ್ಲಿದೆ. ಹೃದಯಗಳು ನೆಮ್ಮದಿ ಪಡೆಯುತ್ತಿರುತ್ತವೆ. ಊರಿಗೆ ಮರಳಿದ ಮೇಲೆ ಆ ಸೂಕ್ತವನ್ನು ಹೀಗೆ ಓದಲು ನನಗೆ ಸಾಧ್ಯವಾಯಿತು.

ಕಳೆದ ತಿಂಗಳು ಮಗನಿಗೆ ಮತ್ತೆ ಜ್ವರ ಬಂತು. ವೈದ್ಯರು ಹೇಳಿದ್ದ ಔಷಧಿ ಕೊಟ್ಟೆ, ತೆಳುವಾದ ಬಟ್ಟೆ ಹೊದೆಸಿದೆ. ಮೂರೂವರೆಗೆ ಎಚ್ಚರವಾಯಿತು. ಅಡುಗೆಮನೆಗೆ ಹೋಗಿ ನೀರು ತಂದೆ, ಬಾಯಿಗೆ ಚಮಚದಲ್ಲಿ ಹಾಕಿದೆ, ಮತ್ತೆ ಹೋದೆ, ಬಂದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ತುಟಿಯ ಮೇಲೆ ಅಲ್ಲಾಹುಮ್ಮ ಇನ್ನೀ ಅಊದುಬಿಕ ಮಿನಲ್ ಹಮ್ಮಿ ವಲ್ ಹಝನ್ ಓಡುತ್ತಲೇ ಇತ್ತು. ಲೋಟ ಹಿಡಿದು ಕೋಣೆಗೆ ಬಂದಾಗ ಕತ್ತಲಲ್ಲಿ ಉಮ್ಮನ ದನಿ ಕೇಳಿಸಿತು.

“ಇದು ಎಷ್ಟನೆಯದು?”

“ನಾಲ್ಕು, ಉಮ್ಮ.”

ಮಂಚದಿಂದ ಮೆಲ್ಲಗೆ ಇಳಿದು ಬಂದು, ಮಗುವಿನ ಕಾಲ ಬಳಿ ತಸ್ಬೀಹ್ ಮಣಿಸರ ಹಿಡಿದು ಕುಳಿತರು.