ಜಂತುಹುಳದ ಮಾತ್ರೆ, ಅರ್ಧ ಓದಿದ ಅಧ್ಯಯನ

ಶಾಲೆ, ಆರೋಗ್ಯದ ಸಂಶೋಧನೆ ಅಂದ ಕೂಡಲೇ ಕೀನ್ಯಾದ ಬುಸಿಯಾ ಜಿಲ್ಲೆಯ ಪ್ರಯೋಗದ ಮಾತು ಬರುತ್ತೆ. 75 ಶಾಲೆ, ಮೂರು ಗುಂಪು. ಮೊದಲನೆಯದಕ್ಕೆ 1998ರಲ್ಲಿ ಮಾತ್ರೆ, ಎರಡನೆಯದಕ್ಕೆ 1999ರಲ್ಲಿ, ಕೊನೆಯದಕ್ಕೆ 2001ರಲ್ಲಿ. ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು ಅನ್ನೋದು ಎಲ್ಲರಿಗೂ ಗೊತ್ತು. ಪರೀಕ್ಷೆಯ ಅಂಕ ಏರಲಿಲ್ಲ ಅನ್ನೋದನ್ನ ಮಾತ್ರ ಯಾರೂ ಎತ್ತಲ್ಲ!

ನನಗೆ ಇಷ್ಟವಾಗೋದು ಅದರ ವಿನ್ಯಾಸ. ಹುಳದ ಮೊಟ್ಟೆ ಮಲದ ಜೊತೆ ಮಣ್ಣು ಸೇರುತ್ತೆ, ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತೆ. ತರಗತಿಯ ಅರ್ಧ ಮಕ್ಕಳಿಗೆ ಮಾತ್ರೆ ಕೊಟ್ಟರೆ ಮಣ್ಣಿಗೆ ಬೀಳೋ ಮೊಟ್ಟೆ ತಗ್ಗಿ, ಮಾತ್ರೆ ನುಂಗದವರಿಗೂ ಲಾಭ. ಆಮೇಲೆ ಇಬ್ಬರನ್ನೂ ಹೋಲಿಸಿದರೆ ವ್ಯತ್ಯಾಸ ಇರೋದಕ್ಕಿಂತ ಕಡಿಮೆ ಕಾಣುತ್ತೆ. ಹಾಗಾಗಿ ಗುಂಪು ಮಾಡಿದ್ದು ಮಕ್ಕಳನ್ನಲ್ಲ, ಇಡೀ ಶಾಲೆಗಳನ್ನ. ಹಾಜರಿಗೂ ಶಾಲೆಯ ರಿಜಿಸ್ಟರ್ ನಂಬಲಿಲ್ಲ, ಮುಂಚೆ ತಿಳಿಸದೆ ಹೋಗಿ ತಲೆ ಎಣಿಸಿದರು.

2015ರಲ್ಲಿ ಬೇರೆಯವರು ಅದೇ ದತ್ತಾಂಶ ಹಿಡಿದು ಲೆಕ್ಕ ಹಾಕಿದಾಗ ಮೂಲ ಲೆಕ್ಕದ ಕಂಪ್ಯೂಟರ್ ಕೋಡಿನಲ್ಲಿ ತಪ್ಪು ಸಿಕ್ಕಿತು. ದೂರದ ಶಾಲೆಗಳಿಗೂ ಲಾಭ ಹರಡಿತ್ತು ಅನ್ನೋ ಭಾಗ ಸಡಿಲವಾಯಿತು, ಮಾತ್ರೆ ಕೊಟ್ಟ ಶಾಲೆಗಳ ಹಾಜರಿಯ ಫಲಿತಾಂಶ ಬಹುಮಟ್ಟಿಗೆ ನಿಂತಿತು. ವಾದ ಇನ್ನೂ ಮುಗಿದಿಲ್ಲ. ಮೂಲ ಲೇಖಕರು ದತ್ತಾಂಶ ಹಂಚಿಕೊಂಡಿದ್ದಕ್ಕೇ ಇದೆಲ್ಲ ಸಾಧ್ಯವಾಯಿತು ಅನ್ನೋದನ್ನೂ ಹೇಳಬೇಕು.

ಇನ್ನೊಂದು: ಬುಸಿಯಾದಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಸೋಂಕಿತ್ತು. ಹುಳವೇ ಅಪರೂಪವಾಗಿರೋ ಕಡೆ ಗೈರುಹಾಜರಿ ಇಳಿದ ಆ ಅಂಕಿ ಇಟ್ಟುಕೊಂಡು ಬಜೆಟ್ ಹಾಕಿದರೆ ಲೆಕ್ಕ ಕೈಕೊಡುತ್ತೆ. ಮೊದಲು ಮಲಪರೀಕ್ಷೆ ಮಾಡಿಸಿ.