ಎಂಬತ್ತಕ್ಕೆ ನಡೆಯುವ ಕನ್ನಡಕ

ಅಮ್ಮನ ಕನ್ನಡಕ ಇವತ್ತು ಇಟ್ಟಲ್ಲೇ ಇತ್ತು. ಸ್ಪೀಡೋಮೀಟರ್ ಮುಳ್ಳು 80ರ ಮೇಲೆ ನಿಂತಾಗಲೂ ಡ್ಯಾಶ್‌ಬೋರ್ಡಿನ ಮೇಲೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಹಿಂದಿನ ಐದು ವಾರ ಹೀಗಿರಲಿಲ್ಲ. ವೇಗ 80 ಮುಟ್ಟಿದ ಕೂಡಲೇ ಕನ್ನಡಕಕ್ಕೆ ಕಾಲು ಬರುತ್ತಿತ್ತು, ಅಂಚಿನವರೆಗೆ ನಡೆದು ಅಮ್ಮನ ಮಡಿಲಿಗೆ ಬೀಳುತ್ತಿತ್ತು. 75ಕ್ಕೆ ನಡೆಯುತ್ತಿರಲಿಲ್ಲ, 90ಕ್ಕೂ ನಡೆಯುತ್ತಿರಲಿಲ್ಲ. ನಾನು ಕೊಂಡ ಅಳತೆಯ ಸಾಧನಗಳಲ್ಲಿ ಯಾವುದೂ ಇಷ್ಟು ನಿಖರವಾಗಿಲ್ಲ.

ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬದಲಿಸಿದ ಕತೆಯನ್ನು ಹೇಳುವುದಿಲ್ಲ. ಬೋಲ್ಟಿಗೆ ತುಕ್ಕು ಹಿಡಿದಿತ್ತು, ಮೊಣಕೈ ಸುಲಿಯಿತು, ಮುಗಿಯಿತು. ನೀವೆಲ್ಲ ಮಾಡಿರುವುದೇ. ಗಾಡಿಯ ಈಗಿನ ಜಾತಕವಷ್ಟೇ ಸಾಕು: ಮೂರು ಬಾಗಿಲು, 2250 ಮಿ.ಮೀ. ವ್ಹೀಲ್‌ಬೇಸ್ (ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ದೂರ), ಹಿಂದೆ ಮುಂದೆ ಸಾಲಿಡ್ ಆಕ್ಸಲ್ (ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಕೊಳವೆ), ಮುಂದೆ ಆ ಆಕ್ಸಲನ್ನು ಚಾಸಿಗೆ ಹಿಡಿದಿಡುವ ತೋಳುಗಳಾದ ರೇಡಿಯಸ್ ಆರ್ಮ್, ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಅದರ ಮೇಲೆ ನನ್ನ ಅತ್ಯಾಸೆಯ 60 ಮಿ.ಮೀ. ಲಿಫ್ಟ್ (ಸ್ಪ್ರಿಂಗ್ ಬದಲಿಸಿ ಗಾಡಿಯ ಮೈಯನ್ನು ಅಷ್ಟು ಎತ್ತರಿಸುವುದು), 215/75 ಆರ್ 15 ಇದ್ದ ಜಾಗದಲ್ಲಿ 235/75 ಆರ್ 15 ಟಯರ್. ವಾರದಲ್ಲಿ ಐದು ದಿನ ಇದೇ ಗಾಡಿಯಲ್ಲಿ ಕಚೇರಿಗೆ ಹೋಗಬೇಕು, ಅಮ್ಮನನ್ನು ಕರೆದುಕೊಂಡು ಓಡಾಡಬೇಕು. ಕಲ್ಲು, ಕೆಸರು, ಕೊರಕಲು ಸಿಗುವುದು ತಿಂಗಳಿಗೆ ಎರಡು ಭಾನುವಾರ. ಈ ಲೆಕ್ಕವನ್ನು ಲಿಫ್ಟ್ ಕೊಳ್ಳುವ ಮೊದಲು ಹಾಕಬೇಕಿತ್ತು ಎಂದು ಯಾರೂ ಹೇಳಬೇಡಿ, ಮನೆಯಲ್ಲಿ ಈಗಾಗಲೇ ಹೇಳಿದ್ದಾರೆ.

ಲಿಫ್ಟ್ ಹಾಕಿದ ಮೊದಲ ದಿನವೇ ಸ್ಟೀರಿಂಗ್ ಅನಾಥವಾಯಿತು. ತಿರುವಿನಲ್ಲಿ ತಿರುಗಿಸಿ ಕೈ ಸಡಿಲ ಬಿಟ್ಟರೆ ಮಧ್ಯಕ್ಕೆ ಮರಳುವುದಿಲ್ಲ. ನೇರ ರಸ್ತೆಯಲ್ಲಿ ಹಗ್ಗ ಬಿಚ್ಚಿದ ಕರುವಿನಂತೆ ಅತ್ತಿತ್ತ ಅಲೆಯುತ್ತದೆ. ಕಾರಣ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ನನ್ನ ರೇಡಿಯಸ್ ಆರ್ಮ್ ಸುಮಾರು 850 ಮಿ.ಮೀ. ಉದ್ದ. ಚಾಸಿಯ ಕಡೆಯ ತುದಿ 60 ಮಿ.ಮೀ. ಮೇಲೇರಿದರೆ ಆರ್ಮ್ ನಾಲ್ಕು ಡಿಗ್ರಿ ವಾಲುತ್ತದೆ. ಆಕ್ಸಲ್ ಆ ಆರ್ಮಿಗೆ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಅದೂ ಅಷ್ಟೇ ಹೊರಳುತ್ತದೆ. ಸ್ಟೀರಿಂಗನ್ನು ಮಧ್ಯಕ್ಕೆ ಮರಳಿಸುವುದು ಕ್ಯಾಸ್ಟರ್, ಅಂದರೆ ಮುಂಚಕ್ರ ಎಡಬಲಕ್ಕೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ. ಮೊದಲಿದ್ದದ್ದು 3.5 ಡಿಗ್ರಿ. ನಾಲ್ಕು ಕಳೆದರೆ ಉಳಿದದ್ದು ಮೈನಸ್ ಅರ್ಧ. ಸೈಕಲ್ಲಿನ ಹ್ಯಾಂಡಲ್ ಕಂಬವನ್ನು ಹಿಂದಕ್ಕೆ ವಾಲಿಸುವ ಬದಲು ಮುಂದಕ್ಕೆ ವಾಲಿಸಿ ಕೈ ಬಿಟ್ಟು ಓಡಿಸಲು ಹೊರಟಂತೆ.

ಪರಿಹಾರವೂ ಹಳೆಯದೇ: ರಂಧ್ರ ನಡುವಿನಲ್ಲಿರದೆ ಪಕ್ಕಕ್ಕೆ ಸರಿದಿರುವ, 3 ಡಿಗ್ರಿ ಮರಳಿಸುವ ಪಾಲಿಯುರೆಥೇನ್ ಬುಶ್, ಅಂದರೆ ಆರ್ಮ್ ಆಕ್ಸಲ್‌ಗೆ ಕಚ್ಚುವಲ್ಲಿ ಕೂರುವ ಗಟ್ಟಿ ಪ್ಲಾಸ್ಟಿಕ್ ಬಳೆ. ಬೇಕಿದ್ದದ್ದು ನಾಲ್ಕು. ಬಂದ ಪೆಟ್ಟಿಗೆಯಲ್ಲಿ ಮೂರು ಬುಶ್, ಒಂದು ಸ್ಟಿಕ್ಕರ್. ಫೋನ್ ಮಾಡಿದರೆ "ನಮ್ಮ ಲೆಕ್ಕದಲ್ಲಿ ನಾಲ್ಕಿವೆ ಸರ್" ಎಂಬ ಉತ್ತರ. ಸ್ಟಿಕ್ಕರನ್ನೂ ಸೇರಿಸಿ ಎಣಿಸಿದ್ದರೇನೋ. ನಾಲ್ಕನೆಯದು ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಗಾಡಿ ಮುಂದಿನ ಚಕ್ರಗಳಿಲ್ಲದೆ ಸ್ಟ್ಯಾಂಡಿನ ಮೇಲೆ ಕುಳಿತು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಕೊನೆಗೆ ಬುಶ್ ಕೂರಿಸಿ ಅಳೆದರೆ ಕ್ಯಾಸ್ಟರ್ 2.5. ಸ್ಟೀರಿಂಗಿಗೆ ಮನೆಯ ದಾರಿ ನೆನಪಾಯಿತು. ಆ ಸಂಜೆ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಮರುದಿನ ಬೆಳಿಗ್ಗೆ ಕನ್ನಡಕ ನಡೆಯಿತು.

"ಗಾಡಿ ಗುಂಯ್ ಎನ್ನುತ್ತಿದೆಯಲ್ಲೋ" ಎಂದರು ಅಮ್ಮ. ಟಯರಿನ ಸದ್ದು ಎಂದೆ. ಚಕ್ರಗಳನ್ನು ಎರಡು ಬಾರಿ ಬ್ಯಾಲೆನ್ಸ್ ಮಾಡಿಸಿದೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಹಾಕಿದೆ. ಕನ್ನಡಕ ನಡೆಯುತ್ತಲೇ ಇತ್ತು. ಕೊನೆಗೆ ಮೊಬೈಲಿನಲ್ಲಿ ಕಂಪನದ ಆವರ್ತನ ತೋರಿಸುವ ಆಪ್ ಹಾಕಿ, ಫೋನನ್ನು ಸೀಟಿನ ಹಳಿಗೆ ಟೇಪಿನಿಂದ ಬಿಗಿದು, ಊರಾಚೆಯ ಏರುದಾರಿಯಲ್ಲಿ ನಾಲ್ಕನೇ ಗೇರಿನಲ್ಲಿ 80ಕ್ಕೆ ಓಡಿಸಿದೆ. ತೆರೆಯ ಮೇಲೆ ಒಂದೇ ಒಂದು ಗೋಪುರ, 82 ಹರ್ಟ್ಸ್.

ಇಲ್ಲಿಂದ ನನ್ನ ಬುದ್ಧಿವಂತಿಕೆಯ ಅಧ್ಯಾಯ ಶುರು. ಹೊಸ ಟಯರಿನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 9.6 ಸುತ್ತು. ಟಯರಿನ ದೋಷವಾದರೆ ಗೋಪುರ ಅಲ್ಲೆಲ್ಲೋ ಹತ್ತರ ಆಸುಪಾಸಿನಲ್ಲಿ ಇರಬೇಕಿತ್ತು. ಹಾಗಾಗಿ ಟಯರ್ ನಿರ್ದೋಷಿ. ಆಕ್ಸಲ್ ಅನುಪಾತ 4.1, ಚಕ್ರ ಒಂದು ಸುತ್ತು ಬಂದರೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ 4.1 ಸುತ್ತು, ಅಂದರೆ ಸೆಕೆಂಡಿಗೆ 39.5 ಸುತ್ತು. ಶಾಫ್ಟಿನ ತುದಿಯ ಕೀಲು, ಯೂನಿವರ್ಸಲ್ ಜಾಯಿಂಟ್, ಓರೆಯಾಗಿ ತಿರುಗಿದರೆ ಪ್ರತಿ ಸುತ್ತಿಗೆ ಎರಡು ಬಾರಿ ಕುಲುಕುತ್ತದೆ, ಆದ್ದರಿಂದ 79. ಆಪ್ ತೋರಿಸಿದ್ದು 82. ಮೂರು ಹರ್ಟ್ಸ್ ವ್ಯತ್ಯಾಸ. "ಶಾಫ್ಟ್ ಅಲ್ಲ" ಎಂದು ತೀರ್ಪು ಕೊಟ್ಟೆ. ಆಮೇಲೆ ಎಂಜಿನ್ ಲೆಕ್ಕ ಹಾಕಿದೆ. ಟ್ಯಾಕೋಮೀಟರ್ ಸುಮಾರು 2470 ತೋರಿಸುತ್ತಿತ್ತು. ನಾಲ್ಕು ಸಿಲಿಂಡರ್, ಸುತ್ತಿಗೆ ಎರಡು ಸ್ಫೋಟ, ಸೆಕೆಂಡಿಗೆ 82! ಕಳ್ಳ ಸಿಕ್ಕಿಬಿದ್ದ ಎಂದು ಎಂಜಿನ್ ಮೌಂಟ್‌ಗಳನ್ನು ತರಿಸಿ ಬದಲಿಸಿದೆ. ಒಂದು ಪೂರ್ತಿ ಶನಿವಾರ, ಎರಡು ಉಗುರು ಹೋದವು.

ಕನ್ನಡಕ ನಡೆಯಿತು.

ತಪ್ಪು ಎಲ್ಲಿ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ನಗುತ್ತಿರಬಹುದು. ಸ್ಪೀಡೋಮೀಟರ್ ಇನ್ನೂ ಹಳೆಯ ಟಯರಿನ ಕಾಲದಲ್ಲೇ ಬದುಕುತ್ತಿದೆ. ಹೊಸ ಟಯರಿನ ವ್ಯಾಸ 703ರಿಂದ 733 ಮಿ.ಮೀ.ಗೆ ಏರಿದೆ, ಸುಮಾರು 4 ಶೇಕಡಾ ಹೆಚ್ಚು. ಮುಳ್ಳು 80 ಎಂದಾಗ ಗಾಡಿ ನಿಜವಾಗಿ ಓಡುತ್ತಿದ್ದದ್ದು 83ಕ್ಕಿಂತ ತುಸು ಹೆಚ್ಚು. ಆ ವೇಗವನ್ನು ಲೆಕ್ಕಕ್ಕೆ ಹಾಕಿದರೆ ಶಾಫ್ಟಿನ ಉತ್ತರವೂ 82. ಎರಡನೆಯ ಮೋಸ ಇನ್ನೂ ಸೊಗಸಾದದ್ದು: ನಾಲ್ಕನೇ ಗೇರಿನ ಅನುಪಾತ 1:1. ಆ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಸುತ್ತಿಗೆ ಎರಡು ಸ್ಫೋಟ, ಸುತ್ತಿಗೆ ಎರಡು ಕುಲುಕು. ಅವಳಿಗಳಲ್ಲಿ ಯಾರು ಕದ್ದರೆಂದು ಹೆಜ್ಜೆಗುರುತು ನೋಡಿ ಹೇಳಲು ಹೊರಟಿದ್ದೆ. ಐದನೇ ಗೇರಿಗೆ ಹಾಕಿದ್ದರೆ ಎಂಜಿನ್ 66ಕ್ಕೆ ಇಳಿದು ಬೇರೆಯಾಗುತ್ತಿತ್ತು. ಅಥವಾ ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ತಂದು ತೇಲಿಬಿಟ್ಟಿದ್ದರೆ ಹತ್ತು ಸೆಕೆಂಡಿನಲ್ಲಿ ಉತ್ತರ ಸಿಗುತ್ತಿತ್ತು. ಗಾಡಿ ಕಲಿಯುವವನಿಗೂ ಹೊಳೆಯುವ ಪರೀಕ್ಷೆ. ನನಗೆ ಹೊಳೆದದ್ದು ಮೌಂಟ್ ಬದಲಿಸಿದ ಮೂರು ದಿನಗಳ ಮೇಲೆ, ಹಲ್ಲುಜ್ಜುವಾಗ.

ನ್ಯೂಟ್ರಲ್‌ನಲ್ಲಿ ತೇಲಿಬಿಟ್ಟೆ. ಎಂಜಿನ್ ಗೊಣಗುಟ್ಟುತ್ತಾ ತಣ್ಣಗಾಯಿತು, ಕಂಪನ ಹಾಗೇ ಉಳಿಯಿತು. ಮನೆಗೆ ಬಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಎಂಟು ಬೋಲ್ಟ್ ಬಿಚ್ಚಿ ಹೊರಗಿಟ್ಟು ಮತ್ತೆ ಓಡಿಸಿದೆ. ರೇಷ್ಮೆ.

ಕಾರಣ ನಾನೇ ಹಾಕಿದ ಬುಶ್. ಲಿಫ್ಟಿನಿಂದ ಆಕ್ಸಲ್ ಹೊರಳಿದಾಗ ಕ್ಯಾಸ್ಟರ್ ಕೆಟ್ಟರೂ ಒಂದು ಉಪಕಾರವಾಗಿತ್ತು: ಶಾಫ್ಟ್ ಬಂದು ಸೇರುವ ಆಕ್ಸಲ್ ಗೇರು, ಪಿನಿಯನ್, ಅದರ ಮೂತಿ ಮೇಲೆದ್ದು ಶಾಫ್ಟಿನ ಕಡೆಗೇ ನೋಡುತ್ತಿತ್ತು. ನನ್ನ ಮುಂದಿನ ಶಾಫ್ಟಿಗೆ ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆ) ಕಡೆ ಡಬಲ್ ಕಾರ್ಡನ್ ಎಂಬ ಜೋಡಿ ಜಾಯಿಂಟ್, ಪಿನಿಯನ್ ಕಡೆ ಒಂಟಿ ಜಾಯಿಂಟ್. ಇಂಥ ಶಾಫ್ಟಿಗೆ ಪಿನಿಯನ್ ನೆಟ್ಟಗೆ ಅದರತ್ತಲೇ ಮುಖ ಮಾಡಿರಬೇಕು. ಮೂರು ಡಿಗ್ರಿ ಬುಶ್ ಕ್ಯಾಸ್ಟರನ್ನು ಮರಳಿಸುವಾಗ ಪಿನಿಯನ್ನಿನ ಮೂತಿಯನ್ನೂ ಮೂರು ಡಿಗ್ರಿ ಕೆಳಗೆ ಬಗ್ಗಿಸಿತು. ಎರಡೂ ಒಂದೇ ಆಕ್ಸಲ್ ಕೊಳವೆಗೆ ಬೆಸುಗೆಯಾಗಿವೆ, ಒಂದನ್ನು ಬಿಟ್ಟು ಇನ್ನೊಂದು ತಿರುಗುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ನನ್ನ ಗಾಡಿಯ ಮುಂದಿನ ಹಬ್‌ಗಳು, ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಭಾಗಗಳು, ಸದಾ ಲಾಕ್ ಆಗಿರುವಂಥವು. ಟು ವ್ಹೀಲ್ ಡ್ರೈವ್‌ನಲ್ಲಿದ್ದರೂ ಚಕ್ರಗಳು ಮುಂದಿನ ಶಾಫ್ಟನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತವೆ. ಹಾಗಿದ್ದರೆ ಕೈಯಿಂದ ತಿರುಗಿಸಿ ಬಿಡಿಸುವ ಹಬ್ ಹಾಕಿದರೆ ಡಾಂಬರು ರಸ್ತೆಯಲ್ಲಿ ಶಾಫ್ಟ್ ನಿದ್ದೆ ಮಾಡುತ್ತದೆ. ಕಲ್ಲುದಾರಿಯಲ್ಲಿ ಎಬ್ಬಿಸಿದರೆ ಅಲ್ಲಿ ಯಾರು 80ಕ್ಕೆ ಓಡಿಸುತ್ತಾರೆ? ತರಿಸಿದೆ. ಮೊದಲ ಜೋಡಿಯ ಒಳಗಿನ, ಆಕ್ಸಲನ್ನು ಹಿಡಿಯುವ ಸ್ಪ್ಲೈನ್ ಹಲ್ಲುಗಳೇ ಹೊಂದಲಿಲ್ಲ. ಎಣಿಸಿದರೆ ಒಂದು ಹಲ್ಲು ಕಡಿಮೆ. ವರ್ತಕರಿಗೆ ಫೋಟೋ ಕಳಿಸಿದರೆ "ಸ್ವಲ್ಪ ಬಡಿದು ಕೂರಿಸಿ ಸರ್, ಹೊಸದರಲ್ಲಿ ಬಿಗಿ ಇರುತ್ತದೆ" ಎಂದರು. ಹಲ್ಲು ಬಡಿದರೆ ಹುಟ್ಟುವ ವಸ್ತುವಲ್ಲ ಎಂದು ಅವರಿಗೆ ತಿಳಿಸಿ ಹೇಳಲು ಎರಡು ದಿನ ಬೇಕಾಯಿತು. ಎರಡನೆಯ ಜೋಡಿ ಕೂತಿತು. ಅದೇ ಇವತ್ತಿನ ವಿಜಯ.

ವಿಜಯ ಎಂದೆನಲ್ಲ, ಅರ್ಧ ವಿಜಯ. ಹಿಂದಿನ ಭಾನುವಾರವೇ ಹಳೆಯ ಕೊರಕಲಿಗೆ ಹೋಗಿದ್ದೆ. ಮೊದಲು ನಾಲ್ಕೂ ಚಕ್ರ ನೆಲ ಮುಟ್ಟಿಕೊಂಡೇ ದಾಟುತ್ತಿದ್ದ ಜಾಗದಲ್ಲಿ ಈ ಸಲ ಕರ್ಣದ ಎರಡು ಚಕ್ರ ಗಾಳಿಯಲ್ಲಿ ತಿರುಗಿದವು. ಎಡಬಲ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಕಟ್ಟಿಹಾಕುವ ಲಾಕರ್ ಇಲ್ಲದ ಗಾಡಿ. ಚಕ್ರ ಗಾಳಿಗೆ ಹೋಯಿತೆಂದರೆ ಕತೆ ಮುಗಿಯಿತು. ಮನೆಯಲ್ಲಿ ಜಾಕ್ ಹಾಕಿ ಅಳೆದೆ: ಒಂದು ಮುಂಚಕ್ರವನ್ನು ಎತ್ತುತ್ತಾ ಹೋಗಿ, ಉಳಿದ ಮೂರರಲ್ಲಿ ಒಂದು ನೆಲ ಬಿಡುವವರೆಗೆ. ಹಳೆಯ ರಬ್ಬರ್ ಬುಶ್ ಇದ್ದಾಗ ಬರೆದಿಟ್ಟದ್ದು 310 ಮಿ.ಮೀ., ಈಗ 265. ರೇಡಿಯಸ್ ಆರ್ಮಿನ ಗುಣವೇ ಹಾಗೆ. ಆಕ್ಸಲ್ ಓರೆಯಾದಾಗ ಎಡದ ಆರ್ಮ್ ಒಂದು ಕಡೆ, ಬಲದ್ದು ಇನ್ನೊಂದು ಕಡೆ ಅದನ್ನು ತಿರುಚಲು ನೋಡುತ್ತದೆ. ನಡುವೆ ಬಗ್ಗಿ ಕೊಡುವುದು ಬುಶ್ ಒಂದೇ. ರಬ್ಬರ್ ಬಗ್ಗುತ್ತದೆ, ಪಾಲಿಯುರೆಥೇನ್ ಬಗ್ಗುವುದಿಲ್ಲ, ಗೊಣಗುತ್ತದೆ. ರಸ್ತೆಗಾಗಿ ಹಾಕಿದ ಬುಶ್ ರಸ್ತೆಯಲ್ಲಿ ಗುಂಯ್ ಎಂದಿತು, ಕಾಡಿನಲ್ಲಿ ಕಾಲು ಕಟ್ಟಿತು.

ಕ್ಯಾಸ್ಟರ್, ಪಿನಿಯನ್‌ಗಳ ಈ ಜಗಳಕ್ಕೆ ಪೂರ್ತಿ ಪರಿಹಾರ ಒಂದೇ: ಆಕ್ಸಲ್ ತುದಿಯ ಬೆಸುಗೆ ಕತ್ತರಿಸಿ, ನಕಲ್ (ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಕೀಲು) ಕೂರುವ ಭಾಗವನ್ನು ಮಾತ್ರ ತಿರುಗಿಸಿ ಮತ್ತೆ ಬೆಸೆಯುವುದು. ಆಗ ಕ್ಯಾಸ್ಟರ್ ತನ್ನ ಪಾಡಿಗೆ, ಪಿನಿಯನ್ ತನ್ನ ಪಾಡಿಗೆ. ನನ್ನ ಬೆಸುಗೆಯನ್ನು ನಾನು ಗೇಟಿನ ಚಿಲಕದ ಮಟ್ಟಿಗೆ ನಂಬುತ್ತೇನೆ, ಅಮ್ಮ ಕೂರುವ ಗಾಡಿಯ ಸ್ಟೀರಿಂಗಿಗಲ್ಲ.

ಇದೆಲ್ಲ ನಡೆಯುವಾಗ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು: ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಗಾಳಿ ತುಂಬುವ ಕೊಳವೆ. ಕೊರಕಲಿನಲ್ಲಿ ಕೈಕೊಟ್ಟ ಗಾಡಿ ಆ ದಿನ ದಾಟಿದ್ದು ಟಯರಿನ ಒತ್ತಡವನ್ನು 32ರಿಂದ 18 ಪಿಎಸ್‌ಐಗೆ ಇಳಿಸಿದ ಮೇಲೆ. ಟಯರ್ ಮೆತ್ತಗಾಗಿ ಉದ್ದಕ್ಕೆ ಹರಡಿಕೊಂಡಿತು, ಕಲ್ಲನ್ನು ಅಪ್ಪಿಕೊಂಡಿತು, ಬೆನ್ನುಮೂಳೆಯೂ ಹರಸಿತು. ಹಿಡಿತವನ್ನೂ ಹಿತವನ್ನೂ ಒಟ್ಟಿಗೆ ಕೊಟ್ಟು, ಮತ್ತೆ ತುಂಬಿದರೆ ರಸ್ತೆಗೂ ಸರಿಹೋಗುವ ಬದಲಾವಣೆ ನನಗೆ ಗೊತ್ತಿರುವಂತೆ ಇದೊಂದೇ. ಅದಕ್ಕೆ ಮೂರು ಡಿಗ್ರಿ ಏನೂ ಬೇಕಾಗಿಲ್ಲ. ಬೇಸರದ ಕೆಲಸವೆಂದರೆ ಮರಳಿ ತುಂಬುವುದು, ಅದಕ್ಕೇ ಕೊಳವೆ. ಬಾನೆಟ್ ಕೆಳಗೆ ಕಂಪ್ರೆಸರ್‌ಗೆ ಜಾಗ ಅಳೆದಾಗಿದೆ. ಹಿತ್ತಾಳೆಯ ಟೀ ಜಾಯಿಂಟ್‌ಗಳು ಮೇಜಿನ ಮೇಲಿವೆ. ಮುಂದಿನ ಬರಹ ಬಹುಶಃ ಅದರದೇ, ಬುಶ್ ಮುಗಿಯಲಿ.

ಒಬ್ಬ ಗೆಳೆಯ ಕೇಳಿದ: ಇಷ್ಟೆಲ್ಲ ಪಾಡು ಯಾಕೆ, ಎರಡನ್ನೂ ಮಾಡುವ ಗಾಡಿ ಕೊಳ್ಳಬಾರದೇ? 1970ರ ರೇಂಜ್ ರೋವರ್ ಸಾಲಿಡ್ ಆಕ್ಸಲ್ ಮೇಲೆ ಉದ್ದ ಚಲನೆಯ ಕಾಯಿಲ್ ಸ್ಪ್ರಿಂಗ್ ಕೂರಿಸಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿತ್ತು, ಮುಂದೆ ನನ್ನಂಥದೇ ರೇಡಿಯಸ್ ಆರ್ಮ್ ಇಟ್ಟುಕೊಂಡು. ಅಂದರೆ ಮೂಲ ವಿನ್ಯಾಸದ ತಪ್ಪಲ್ಲ, ಅದನ್ನು 60 ಮಿ.ಮೀ. ಎತ್ತಿದವನ ತಪ್ಪು. 2018ರ ಜಿಮ್ನಿ ಸಾಲಿಡ್ ಆಕ್ಸಲನ್ನು ಬಿಡಲಿಲ್ಲ. ಮರುವರ್ಷ ಅನಾವರಣಗೊಂಡ ಹೊಸ ಡಿಫೆಂಡರ್ ಅದನ್ನು ಪೂರ್ತಿ ಕೈಬಿಟ್ಟು ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಶನ್ ಕೊಟ್ಟಿತು. ರ್ಯಾಂಗ್ಲರ್ ರುಬಿಕಾನ್‌ನಲ್ಲಿ ಗುಂಡಿ ಒತ್ತಿದರೆ ಮುಂದಿನ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಬಿಡಿಸಿಕೊಳ್ಳುತ್ತದೆ. ನನ್ನದರಲ್ಲಿ ಅದೇ ಕೆಲಸಕ್ಕೆ ಕೆಸರಿನಲ್ಲಿ ಮಲಗಿ 14ರ ಪಾನಾ ಹಿಡಿಯಬೇಕು. ಗುಂಡಿಗಿಂತ ಪಾನಾ ಅಗ್ಗ ಎಂದು ಗೆಳೆಯನಿಗೆ ಹೇಳಿ ಬಾಯಿ ಮುಚ್ಚಿಸಿದೆ.

ತೀರ್ಮಾನ ಮಾಡಿಯಾಯಿತು: ಲಿಫ್ಟ್ 60ರಿಂದ 40ಕ್ಕೆ ಇಳಿಯುತ್ತದೆ. ಇದರಿಂದ ಆಕ್ಸಲ್‌ನ ಗೇರುಗಳಿರುವ ಉಬ್ಬು, ಡಿಫರೆನ್ಶಿಯಲ್, ಒಂದು ಮಿಲಿಮೀಟರೂ ಕೆಳಗೆ ಬರುವುದಿಲ್ಲ; ಸಾಲಿಡ್ ಆಕ್ಸಲನ್ನು ಎತ್ತುವುದು ಟಯರ್ ಮಾತ್ರ, ನನ್ನ ಹೊಸ ಟಯರ್ 15 ಮಿ.ಮೀ. ಎತ್ತಿದೆ, ಅದು ಹಾಗೇ ಇರುತ್ತದೆ. ಕಳೆದುಕೊಳ್ಳುವುದು ಹೊಟ್ಟೆಯ ಕೆಳಗಿನ 20 ಮಿ.ಮೀ., ಈ ವ್ಹೀಲ್‌ಬೇಸಿನಲ್ಲಿ ದಿಬ್ಬ ದಾಟುವ ಕೋನದಲ್ಲಿ ಹೆಚ್ಚುಕಡಿಮೆ ಎರಡು ಡಿಗ್ರಿ. ಪ್ರತಿಯಾಗಿ ಆರ್ಮ್ ವಾಲುವುದು ನಾಲ್ಕರ ಬದಲು 2.7 ಡಿಗ್ರಿ. ಒಂದೂವರೆ ಡಿಗ್ರಿಯ ಬುಶ್ ಸಾಕು, ಅದು ರಬ್ಬರಿನಲ್ಲೇ ಸಿಗುತ್ತದೆ, ಕ್ಯಾಸ್ಟರ್ 2.3ಕ್ಕೆ ಬಂದು ನಿಲ್ಲುತ್ತದೆ. ಟಯರ್ ಒಳಗಿನ ಪ್ಲಾಸ್ಟಿಕ್ಕಿಗೆ ತಾಗಬಹುದು, ಕತ್ತರಿ ಇದೆ. ಸ್ಪ್ರಿಂಗನ್ನೂ ಈ ಸಲ ಖಾಲಿ ಗಾಡಿಯ ತೂಕಕ್ಕೇ ಹೇಳಿದ್ದೇನೆ. ಮುಂದೆಂದೋ ಹಾಕುವ ಉಕ್ಕಿನ ಬಂಪರ್, ವಿಂಚ್‌ಗಳ ಲೆಕ್ಕದಲ್ಲಿ ಗಡಸು ಸ್ಪ್ರಿಂಗ್ ಕೊಂಡು, ಇಲ್ಲದ ಬಂಪರಿನ ಭಾರಕ್ಕೆ ಇರುವ ಸೊಂಟವನ್ನು ಒಂದು ವರ್ಷ ದಂಡ ತೆತ್ತದ್ದು ಸಾಕು.

ಬುಶ್ ನಾಲ್ಕು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಕಳಿಸಿದ್ದೇನೆ. ಸ್ಟಿಕ್ಕರ್ ಬೇಡ ಎಂದೂ ಬರೆದಿದ್ದೇನೆ.

ಸಂಜೆ ಗಾಡಿ ಇಳಿಯುವಾಗ ಅಮ್ಮನಿಗೆ ವಿಷಯ ತಿಳಿಸಿದೆ: ಇನ್ನು ಹತ್ತುವುದು ಸುಲಭವಾಗುತ್ತದೆ, ಗಾಡಿ ತಗ್ಗುತ್ತದೆ. ಎಷ್ಟು ಎಂದು ಕೇಳಿದರು. ಹೆಬ್ಬೆರಳನ್ನು ಅಡ್ಡ ಹಿಡಿದು ತೋರಿಸಿದೆ. ಅವರು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, ನೆಲಕ್ಕೆ ಇನ್ನೂ ಮುಟ್ಟದ ತಮ್ಮ ಕಾಲನ್ನು ನೋಡಿದರು, ನನ್ನ ಹೆಬ್ಬೆರಳನ್ನು ನೋಡಿದರು.

"ಕನ್ನಡಕ ತೆಗೆದುಕೊಡು" ಎಂದರು.