ಮಾಸ್ಕ್ ಯಾಕೆ ಅಂತ ಕೇಳುವವರಿಗೆ

ಗಂಗಾವತಿಯಲ್ಲಿ ಮದುವೆಗೆ ಮಾಸ್ಕ್ ಹಾಕಿಕೊಂಡು ಹೋದರೆ ಪಕ್ಕದ ಕುರ್ಚಿ ತಾನಾಗೇ ಖಾಲಿಯಾಗುತ್ತದೆ. "ಯಾಕ್ರಿ, ಟಿಬಿ ಏನ್ರಿ?" ಅಂತ ಮೆಲ್ಲಗೆ ವಿಚಾರಿಸುವವರೂ ಇದ್ದಾರೆ. ಅಪಾಯ ಇರುವುದು ಅವರಿಗಲ್ಲ, ನನಗೆ. ಆದರೆ ಈಗೀಗ ಬಿಡಿಸಿ ಹೇಳುವುದನ್ನು ಬಿಟ್ಟಿದ್ದೇನೆ. ಕುರ್ಚಿ ಖಾಲಿ ಇದ್ದರೆ ನನಗೂ ಒಳ್ಳೆಯದೇ ಅಲ್ವಾ?

ನನ್ನ ಹೊಟ್ಟೆಯಲ್ಲಿರುವುದು ಅಮ್ಮ ಕೊಟ್ಟ ಕಿಡ್ನಿ. ಮೈ ಅದನ್ನು ಪರಕೀಯ ಅಂತ ತಳ್ಳಿಬಿಡಬಾರದು. ಅದಕ್ಕೇ ದಿನಾ ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಸ್ಟಿರಾಯ್ಡ್ ನುಂಗುತ್ತೇನೆ. ಇವು ಕಿಡ್ನಿಯೊಂದನ್ನೇ ನೋಡಿಕೊಂಡು ಸುಮ್ನಿರುವುದಿಲ್ಲ, ಇಡೀ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತವೆ. ಬೇರೆಯವರ ಮೈಯಲ್ಲಿ ತೆಪ್ಪಗಿರುವ ಕ್ರಿಮಿಗಳು ನಮ್ಮಂಥವರಲ್ಲಿ ಏಳುತ್ತವೆ.

ನನ್ನಲ್ಲಿ ಎದ್ದದ್ದು ಸರ್ಪಸುತ್ತು. ಮೊದಲು ಎಡ ಪಕ್ಕೆಲುಬಿನ ಕೆಳಗೆ ಉರಿ. ಬಟ್ಟೆ ತಾಗಿದರೂ ಚುರ್ ಅನ್ನುತ್ತಿತ್ತು. ಆಮೇಲೆ ಬೆನ್ನಿನಿಂದ ಹೊಟ್ಟೆಯವರೆಗೆ ಸಾಲಾಗಿ ನೀರುಗುಳ್ಳೆ. ದೊಡ್ಡಮ್ಮ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಂದೇಬಿಟ್ಟಳು. "ತಲಿ ಬಾಲ ಕೂಡಿದ್ರ ಮನುಷ್ಯಾ ಉಳಿಯಂಗಿಲ್ಲ" ಅಂತ ಒಂದೇ ಸಮನೆ. ಅಮ್ಮ ಆ ಬಟ್ಟಲು ಕಿತ್ತಿಟ್ಟು ಅವತ್ತೇ ನನ್ನನ್ನು ಬಳ್ಳಾರಿಗೆ ಹೊರಡಿಸಿದಳು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ಔಷಧಿ ಶುರುವಾದರೆ ಒಳ್ಳೆಯದಂತೆ.

ಇದು ಹೊರಗಿನಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ನನಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದಿತ್ತು. ಅದರ ವೈರಸ್ಸೇ ನರದ ಬುಡದಲ್ಲಿ ಇಷ್ಟು ವರ್ಷ ಮಲಗಿತ್ತು. ಒಂದು ನರ ಮೈಯ ಒಂದೇ ಬದಿಗೆ ಹೋಗುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತವೆ. ತಲೆ ಬಾಲ ಕೂಡುವ ಮಾತೇ ಇಲ್ಲ. ಆದರೆ ನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದು ಮೈಯೆಲ್ಲ ಹಬ್ಬಬಹುದು, ಶ್ವಾಸಕೋಶಕ್ಕೂ ಇಳಿಯಬಹುದು. ದೊಡ್ಡಮ್ಮನ ಹೆದರಿಕೆ ಪೂರ್ತಿ ಸುಳ್ಳೇನಲ್ಲ, ಕೆಮ್ಮಣ್ಣು ಮಾತ್ರ ಸುಳ್ಳು. ಗುಳ್ಳೆ ಒಣಗುವವರೆಗೆ ಅಕ್ಕನ ಎಳೆಕೂಸನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಚಿಕನ್‌ಪಾಕ್ಸ್ ಬಾರದವರಿಗೆ ಆ ನೀರಿನಿಂದ ಅದು ಅಂಟುತ್ತದೆ.

ನನ್ನ ಕೆಲಸ ಅಕ್ಕಿ ಮಿಲ್ಲಿನ ಲೆಕ್ಕ ಬರೆಯುವುದು. ಅದೇ ಈಗ ತಾಪತ್ರಯ. ಹಸಿ ಭತ್ತ, ಮಳೆಗೆ ನೆಂದ ಹುಲ್ಲು ಎಲ್ಲಿದ್ದರೂ ಬೂಷ್ಟು ಬರುತ್ತದೆ. ಅದರಲ್ಲಿ ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರ ಇರುತ್ತದೆ. ಅದರ ಕಣಗಳನ್ನು ಎಲ್ಲರೂ ದಿನಾ ಉಸಿರಾಡುತ್ತೇವೆ. ಹಮಾಲರಿಗೆ ಸಾಮಾನ್ಯವಾಗಿ ಅದು ಸೀನಿಗೆ ಮುಗಿದೀತು, ನನ್ನ ಶ್ವಾಸಕೋಶದಲ್ಲಿ ಬೇರು ಬಿಡಬಹುದು. ಸೂರಿನ ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೋಕಾಕಸ್ ಅನ್ನುವ ಇನ್ನೊಂದು ಶಿಲೀಂಧ್ರ, ಅದು ಮಿದುಳಿನ ಪೊರೆಗೇ ಹೋಗಬಹುದು. ಹಾಗಾಗಿ ಸುಗ್ಗಿಯಲ್ಲಿ ಮಿಲ್ಲಿನ ಕಡೆ ತಲೆ ಹಾಕುವುದಿಲ್ಲ. ಲೆಕ್ಕದ ಪುಸ್ತಕಗಳೇ ಮನೆಗೆ ಬರುತ್ತವೆ.

ಆಪರೇಷನ್ ಆದ ಶುರುವಿನಲ್ಲಿ ಸೆಪ್ಟ್ರಾನ್ ಅನ್ನುವ ಮಾತ್ರೆ ಕೊಟ್ಟಿದ್ದರು, ನಿರೋಧಕ ಶಕ್ತಿ ಕುಗ್ಗಿದವರನ್ನು ಹಿಡಿಯುವ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಬರದಿರಲಿ ಅಂತ. 1981ರಲ್ಲಿ ಲಾಸ್ ಏಂಜಲಿಸ್‌ನ ಐವರು ಯುವಕರಲ್ಲಿ ಇದೇ ನ್ಯುಮೋನಿಯಾ ಕಂಡಾಗಲೇ ಏಡ್ಸ್ ಮೊದಲು ಬೆಳಕಿಗೆ ಬಂದದ್ದು. ಏಡ್ಸ್ ತರುವ ಎಚ್‌ಐವಿ ವೈರಸ್ಸೂ ನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ, ಅದು ಇರುವವರಿಗೂ ಇದೇ ಅಗ್ಗದ ಮಾತ್ರೆ ಕೊಡುತ್ತಾರೆ.

ಸ್ಟಿರಾಯ್ಡ್ ಜ್ವರವನ್ನೂ ಮುಚ್ಚಿಡುತ್ತದೆ. ಮೈ ಸ್ವಲ್ಪ ಬೆಚ್ಚಗಾದರೂ ಮನೆಮದ್ದು, ಕಷಾಯ ಅಂತ ಕೂರದೆ ನೇರ ಡಾಕ್ಟರಿಗೆ ಫೋನು.

ಲಸಿಕೆಗಳಲ್ಲಿ ಜೀವಂತ ವೈರಸ್ ಇರುವಂಥವು ನಮಗೆ ಬೇಡ. ಸರ್ಪಸುತ್ತಿಗೆ ಶಿಂಗ್ರಿಕ್ಸ್ ಅಂತ ಒಂದಿದೆ, ಅದರಲ್ಲಿ ಜೀವಂತ ವೈರಸ್ ಇಲ್ಲ, 2023ರಲ್ಲಿ ಭಾರತಕ್ಕೆ ಬಂತು. ಎರಡು ಡೋಸ್. ಬೆಲೆ ಕೇಳಿ ಅಮ್ಮ ಹೌಹಾರಿದಳು. ಕಿಡ್ನಿಯನ್ನೇ ಪುಕ್ಕಟೆ ಕೊಟ್ಟವಳು! ಮುಂದಿನ ಚೆಕಪ್‌ನಲ್ಲಿ ಕೇಳಬೇಕು.